ಅಕ್ಕ ಕುಣಿದ ಹಾಡು

ಆ ಕ್ಲಬ್ಬಿನಲ್ಲಿ ಸ್ಪೀಕರುಗಳೇ ಇಲ್ಲ. ಒಳಗೆ ಹೋಗುವಾಗ ಒಂದೊಂದು ಹೆಡ್‌ಫೋನ್ ಕೊಡುತ್ತಾರೆ. ಗುಂಡಿ ಒತ್ತಿದರೆ ಹಾಡಿನ ಜಾತಿ ಬದಲಾಗುತ್ತದೆ, ಜೊತೆಗೆ ಕಿವಿಯ ಮೇಲಿನ ದೀಪದ ಬಣ್ಣವೂ. ಕೆಂಪಿಗೆ ಸಿನಿಮಾ ಹಾಡು, ನೀಲಿಗೆ ಎದೆ ಗುದ್ದುವ ಡ್ರಮ್ಮು, ಹಸಿರಿಗೆ ನಿಧಾನದ ಹಳೆಯ ಹಾಡುಗಳು. ಎದುರಿನವರು ಏನು ಕೇಳುತ್ತಿದ್ದಾರೆಂದು ಬಣ್ಣ ನೋಡಿದರೆ ತಿಳಿಯುತ್ತದೆ. ಹಾಕಿಕೊಂಡವರಿಗೆ ಮಾತ್ರ ತಮ್ಮ ಬಣ್ಣ ಕಾಣುವುದಿಲ್ಲ.

ನಾಲ್ಕು ಜನ ಸೇರಿದರೆ ಗೋಡೆಗೆ ಅಂಟಿಕೊಳ್ಳುವ ನನಗೆ ಅಲ್ಲೇನು ಕೆಲಸ? ಎಳೆದುಕೊಂಡು ಹೋದವಳು ಅಕ್ಕ. ಅವಳು ಮಕ್ಕಳಿಗೆ ಡ್ಯಾನ್ಸ್ ಕಲಿಸುತ್ತಾಳೆ. ಅವಳ ಕಿವಿಯ ನರ ಸೋಲುತ್ತಿದೆ, ಮಷೀನು ಹಾಕಿದರೂ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಈಗ ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಾಳೆ. ಡ್ಯಾನ್ಸ್ ಕ್ಲಾಸಿನ ಮೇಡಂ, ಸೋಮವಾರ ತಮ್ಮೆದುರು ಒಂದು ಪಾಠ ಮಾಡಿ ತೋರಿಸಬೇಕೆಂದಿದ್ದರು.

"ದೂರದಿಂದ ಬರೋ ಸದ್ದು ಚೆದುರಿಹೋಗತ್ತೆ, ಅಷ್ಟೇ ಕಣೇ. ಕಿವಿಗೇ ಒತ್ತಿ ಇಟ್ರೆ ಕೇಳತ್ತೆ" ಅಂದಿದ್ದಳು ಅಕ್ಕ. "ಇವತ್ತು ಕೇಳಿಸ್ತೋ, ಹೆಡ್‌ಫೋನ್ ಹಾಕ್ಕೊಂಡೇ ಪಾಠ ಮಾಡ್ತೀನಿ. ಇಲ್ವೋ, ಕ್ಲಾಸೇ ಬಿಟ್ಬಿಡ್ತೀನಿ. ನೀನು ಬಾ, ಗುಮ್ಮನಗುಸ್ಕಾ."

ಅವಳ ಹೆಡ್‌ಫೋನನ್ನು ಹಸಿರಿಗಿಟ್ಟು, ಸದ್ದನ್ನು ತುದಿಯವರೆಗೂ ಏರಿಸಿದೆ. ಕೌಂಟರಿನ ಹುಡುಗಿ ಗಾಬರಿಯಾದಳು.

"ಅಷ್ಟು ಜೋರಿಟ್ರೆ ಕಿವಿ ಹೋಗತ್ತೆ, ನೋಡಿ."

"ಹೋಗಿರೋದನ್ನ ಹುಡುಕೋಕೇ ಬಂದಿರೋದು!" ಎಂದಳು ಅಕ್ಕ.

ನಾವು ನಿಂತ ಮೂಲೆಯಲ್ಲಿ ಎಲ್ಲರದೂ ಹಸಿರು. ಅಕ್ಕ ಕಣ್ಣರಳಿಸಿ ಸುತ್ತ ನೋಡಿದಳು. ಭುಜ ಅಲುಗಿತು, ಆಮೇಲೆ ಕೈ, ಆಮೇಲೆ ಕಾಲು. ನನ್ನ ಕಿವಿಯೊಳಗಿನ ಹಾಡಿಗೆ ಒಂದೆಳೆಯೂ ತಪ್ಪದಂತೆ ತೂಗಾಡಿದಳು.

"ಕೇಳಿಸ್ತಿದೆ ಕಣೇ! ಕೇಳಿಸ್ತಿದೆ!"

ನಾನೂ ಕುಣಿದೆ. ಯಾರು ನೋಡುತ್ತಾರೋ ಎಂಬ ಯೋಚನೆಯೇ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಸುತ್ತಲಿನ ದೀಪಗಳು ಒಂದೊಂದಾಗಿ ನೀಲಿಯಾದವು. ನೀಲಿಯಲ್ಲಿ ಯಾವುದೋ ಜನಪ್ರಿಯ ಹಾಡು ಬಂದಿರಬೇಕು. ಜನ ನೆಲ ಒಡೆಯುವಂತೆ ಕುಪ್ಪಳಿಸತೊಡಗಿದರು. ಅಕ್ಕನೂ ಕುಪ್ಪಳಿಸಿದಳು. ನನ್ನ ಕಿವಿಯಲ್ಲಿ ಮಾತ್ರ ಒಬ್ಬ ಹೆಂಗಸು ಜೋಗುಳದಂತೆ ಎಳೆದೆಳೆದು ಹಾಡುತ್ತಲೇ ಇದ್ದಳು.

ಅಕ್ಕನ ಕೈ ಗುಂಡಿಯ ಹತ್ತಿರವೂ ಹೋಗಿರಲಿಲ್ಲ. ಅವಳ ಕಿವಿಯ ಮೇಲೆ ಹಸಿರು ದೀಪ.

ನನ್ನ ಗುಂಡಿ ಒತ್ತಿ ನೀಲಿಗೆ ಹೋದೆ. ಡ್ರಮ್ಮಿನ ಪ್ರತಿ ಪೆಟ್ಟಿಗೂ ಅಕ್ಕನ ಹೆಜ್ಜೆ ಸರಿಯಾಗಿ ಬೀಳುತ್ತಿತ್ತು. ಅವಳ ಕಣ್ಣು ಮುಂದಿನವರ ಕಾಲುಗಳ ಮೇಲಿತ್ತು.

ಬಣ್ಣವಾದರೂ ಹೊಂದಲಿ ಎಂದು ಅವಳ ಗುಂಡಿಗೆ ಕೈ ಚಾಚಿದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಏನೇ?"

"ಏನಿಲ್ಲ."

ನನ್ನ ಮುಖವನ್ನೇ ನೋಡಿದಳು. ಆಮೇಲೆ ಸುತ್ತ ನೋಡಿದಳು.

"ನಂದು ಯಾವ ಬಣ್ಣ?"

ನೀಲಿ ಎನ್ನಬಹುದಿತ್ತು. ನನ್ನ ತುಟಿಯಿಂದ ಅವಳು ಕಣ್ಣು ಕೀಳಲೇ ಇಲ್ಲ.

"ಹಸಿರು."

ಅಕ್ಕನ ಕಾಲು ನಿಂತಿತು. ಹೆಡ್‌ಫೋನ್ ಬಿಚ್ಚಿ ಅದನ್ನು ತಿರುಗಿಸಿ ದೀಪ ನೋಡಿದಳು.

"ನಿಜವಾಗ್ಲೂ ಕೇಳಿಸ್ತು ಕಣೇ" ಎಂದಳು. "ಸುಳ್ಳು ಹೇಳಿಲ್ಲ. ಹಾಡು ಕೇಳಿಸ್ತು."

ಯಾವ ಹಾಡು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

"ನೋಡ್ಕೊಂಡು ಕುಣಿದ್ರೇನು, ಕುಣಿಯೋದು ಕುಣಿಯೋದೇ ಅಲ್ವಾ ಅಕ್ಕಾ?"

"ಕ್ಲಾಸಲ್ಲಿ ಮಕ್ಕಳು ನನ್ನ ಕಾಲು ನೋಡ್ಕೊಂಡು ಕುಣೀತಾರೆ. ನಾನು ಯಾರ ಕಾಲು ನೋಡ್ಲೇ?"

ಸುತ್ತ ಜನ ಬೆವರುತ್ತಾ ಕುಪ್ಪಳಿಸುತ್ತಲೇ ಇದ್ದರು.

"ಮೇಡಂಗೆ ನಾಳೆ ನೀನೇ ಫೋನ್ ಮಾಡ್ಬಿಡು" ಎಂದಳು ಅಕ್ಕ.

ಏನಂತ ಹೇಳಲಿ ಎಂದು ಕೇಳಿದೆ. ಅಷ್ಟರಲ್ಲಿ ಅವಳು ಮುಖ ತಿರುಗಿಸಿಯಾಗಿತ್ತು.