ಆಡಿನ ಗಂಟೆ

ರೊಟ್ಟಿ ಬಡಿಯುತ್ತಿದ್ದ ಸುಲ್ತಾನಾಳ ಕೈ ತಟ್ಟನೆ ನಿಂತಿತು. ಹೊತ್ತೇರಿದರೂ ಮಾವ ನಜೀರಸಾಬ ಚಹಾಕ್ಕೆಂದು ಹಾಸಿಗೆ ಪಕ್ಕದ ಆಡಿನ ಗಂಟೆ ಅಲ್ಲಾಡಿಸಿರಲಿಲ್ಲ. ಹೋಗಿ ನೋಡಿದಳು; ಮಾವನ ಮೈ ತಣ್ಣಗಾಗಿತ್ತು. ಹಂಚಿನ ಮೇಲಿನ ರೊಟ್ಟಿ ಸುಟ್ಟು ವಾಸನೆ ಬಂದರೂ ಅವಳು ಹಾಸಿಗೆ ಬದಿಯಿಂದ ಏಳಲಿಲ್ಲ.

ಮಧ್ಯಾಹ್ನಕ್ಕೆ ಅಂಗಳ ತುಂಬಿತು. ಇಳಕಲ್ಲಿನ ಹಳೆಯ ಮಗ್ಗದ ಮಂದಿಯೆಲ್ಲ ಬಂದಿದ್ದರು.

"ಒಬ್ಬಾಂವ ನಾಕ ಮಂದಿ ಕೆಲಸಾ ಎಳೀತಿದ್ದ," ಅಕ್ಬರಸಾಬ ಹೆಣ ಹೊರುವ ಜನಾಜಾ ಒರೆಸುತ್ತ ಅಂದ. "ಇವತ್ತ ನೋಡ್ರಿ, ಅವನೊಬ್ಬನ್ನ ಹೊರಾಕ ನಾಕ ಮಂದಿ ಬೇಕು."

ಯಾರೋ ನಕ್ಕರು. ಗೋಡೆಗೆ ಒರಗಿದ್ದ ಸಂಗಯ್ಯ ನಗಲಿಲ್ಲ.

ಏಳು ವರ್ಷದ ಆರಿಫಾ ತಾಯಿ ಸುಲ್ತಾನಾಳ ಸೆರಗು ಜಗ್ಗಿದಳು. "ಅಮ್ಮಿ, ಸಂಗಯ್ಯಕಾಕಾಗ ಒಂದ್ ಮಾತ ಕೇಳ್ಲೇನ?"

"ಸುಮ್ನಿರು, ನನ್ನವ್ವಾ. ಈಗ ಬ್ಯಾಡ."

*

ವರ್ಷಗಳ ಹಿಂದೆ, ನಜೀರಸಾಬ ದುಡಿಯುತ್ತಿದ್ದ ಶೆಡ್ಡಿನಲ್ಲಿ ಹನ್ನೆರಡು ವಿದ್ಯುತ್ ಮಗ್ಗ, ಹನ್ನೆರಡು ಆಳು. ಎಳೆ ಹರಿದದ್ದು ಕಾಣದೆ ಸೀರೆ ಕೆಡುತ್ತಿತ್ತು. ನಜೀರಸಾಬ ಸಂತೆಯಿಂದ ಆಡಿನ ಗಂಟೆ ತಂದು, ಎಳೆ ಹರಿದರೆ ಬಾರಿಸುವಂತೆ ಮಗ್ಗಕ್ಕೆ ಕಟ್ಟಿದ. ಒಬ್ಬನೇ ನಾಲ್ಕು ಮಗ್ಗ ನಡೆಸಿದ. ಮಾಲೀಕ ಯುವರಾಜ ಅವನಿಗೆ ಶಾಲು ಹೊದಿಸಿ, ಉಳಿದ ಮಗ್ಗಗಳಿಗೂ ಕಟ್ಟಿಸಿದ. ಕಟ್ಟುವಾಗ ದಾರ ಹಿಡಿದವನು ಗೆಳೆಯ ಸಂಗಯ್ಯ.

ಮರುವಾರ ಹನ್ನೆರಡು ಆಳಿನಲ್ಲಿ ಮೂವರಷ್ಟೇ ಕೆಲಸದಲ್ಲಿ ಉಳಿದರು. ಸಂಗಯ್ಯ ಉಳಿಯಲಿಲ್ಲ.

"ಕೆಲಸಾ ಹಗುರಾಗ್ಲಿ ಅಂತ ಕಟ್ಟಿದ್ನಿ, ಬೇಟಿ," ಎಂದು ಮಾವ ಸುಲ್ತಾನಾಳ ಮುಂದೆ ಕುಂತಿದ್ದ. ಉಣ್ಣಲಿಲ್ಲ.

ಮೂರು ವರ್ಷಕ್ಕೆ, ಎಳೆ ಹರಿದರೆ ತಾನೇ ನಿಲ್ಲುವ ಯಂತ್ರ ಬಂತು. ಗಂಟೆಯೂ ಬೇಡವಾಯಿತು, ನಜೀರಸಾಬನೂ. ಒಂದು ಗಂಟೆಯನ್ನು ಬಿಚ್ಚಿ ಕಿಸೆಗೆ ಹಾಕಿಕೊಂಡು ಮನೆಗೆ ಬಂದ.

*

ಜನಾಜಾ ಎತ್ತುವ ಮುನ್ನ ಮಗ ನಯೀಮ ಕೈಮುಗಿದ. "ನಮ್ಮ ಅಬ್ಬಾನಿಂದ ಯಾರಿಗರ ನೋವಾಗಿದ್ರ ಮಾಫ್ ಮಾಡ್ರಿ."

"ಮಾಫ್, ಮಾಫ್," ಅಂದಿತು ಅಂಗಳ.

ಬಾಗಿಲ ಮರೆಯಿಂದ ಸುಲ್ತಾನಾ ಸಂಗಯ್ಯನ ತುಟಿಗಳನ್ನೇ ನೋಡುತ್ತಿದ್ದಳು. ಹಾಸಿಗೆ ಹಿಡಿದ ಮೇಲೆ ಮಾವ ದಿನಾ ಕೇಳಿದ್ದು ಒಂದೇ: ಸಂಗಯ್ಯ ಬಂದಿದ್ನೇನ? ಆ ತುಟಿ ಅಲುಗಲಿಲ್ಲ. ಅವನು ಮುಂದೆ ಬಂದು, ಹಮಾಲಿ ಮಾಡಿ ದಡ್ಡುಗಟ್ಟಿದ ಹೆಗಲನ್ನು ಜನಾಜಾಕ್ಕೆ ಕೊಟ್ಟ.

ಆರಿಫಾ ಕೈ ಬಿಡಿಸಿಕೊಂಡು ಓಡಿದಳು. ಅವಳ ಕೈಯಲ್ಲಿದ್ದ ಅಜ್ಜನ ಗಂಟೆ ಬಾರಿಸಿತು. ಹೊತ್ತ ನಾಲ್ವರೂ ಗಕ್ಕನೆ ನಿಂತರು.

"ಕಾಕಾ, ದಾದಾ ದಿನಾ ನಿಮ್ಮನ್ನ ಕೇಳ್ತಿದ್ದ. ಎಲ್ಲಾರೂ ಮಾಫ್ ಅಂದ್ರು. ನೀವ್ಯಾಕ ಅನ್ನಲಿಲ್ರಿ?"