ಗುಡ್ ಮಾರ್ನಿಂಗ್, ರೇನೋ

“ತಿಂದಾದ ಮೇಲೆ ನೋಡುವೆಯಂತೆ, ಅವಸರ ಏನಿಲ್ಲ,” ಅನ್ನುತ್ತಲೇ ಆರ್ವೊ ಆ ಪುಸ್ತಕಾನ ಐಲಿಯ ತಟ್ಟೆ ಪಕ್ಕಕ್ಕೆ ತಳ್ಳಿದ. ಅವಸರ ಇಲ್ಲದವನು ಅಪ್ಪನ ಮಣ್ಣಿಗೆ ಬಂದ ಮಗಳ ಮುಂದೆ ಪರೀಕ್ಷೆ ಪುಸ್ತಕ ತಂದು ಇಡ್ತಾನಾ? ಐಲಿ ಅದನ್ನ ನೋಡಿದಳು, ಏಲಕ್ಕಿ ಬ್ರೆಡ್ಡಿನ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು.

ಇಗರ್ಜಿಯ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ ಕುಡೀತಾ ಕೂತಿದ್ದರು. ಮೇಲೆ ಗುಡ್ಡದಲ್ಲಿ ತೋಡಿದ ಗುಂಡಿಗೆ ಹಿಮ ಕರಗಿದ ನೀರು ತುಂಬಿಕೊಂಡು ಪಂಪು ಹಚ್ಚಿದ್ದರು. ಈ ಕಡೆ ಚಳಿಗಾಲದಲ್ಲಿ ಸತ್ತವರು ಕಾಯಲೇಬೇಕು. ನೆಲ ಕಬ್ಬಿಣ ಆಗಿರುತ್ತೆ, ಗುದ್ದಲಿ ಇಳಿಯಲ್ಲ. ಐಲಿಯ ಅಪ್ಪ ರೇನೋ ಹೋಗಿದ್ದು ಮಾರ್ಚಿನಲ್ಲಿ, ಮಣ್ಣು ಸಡಿಲಾಗಿದ್ದು ಮೇ ತಿಂಗಳಿಗೆ. ಬದುಕಿದ್ದಾಗ ಒಂದು ನಿಮಿಷ ತಡ ಆದರೆ ಕೆಂಡ ಕಾರ್ತಿದ್ದ ಮನುಷ್ಯ, ಎರಡು ತಿಂಗಳು ಪೆಟ್ಟಿಗೆಯಲ್ಲಿ ತೆಪ್ಪಗೆ ಮಲಗಿದ್ದ.

ಗಣಿ ಮುಚ್ಚಿದ ಊರು. ರೇನೋ ಆ ಗಣಿಯಲ್ಲಿ ವೈರಿಂಗ್ ಕೆಲಸ ಮಾಡ್ತಿದ್ದವನು. ಆದರೆ ಅವನನ್ನ ಊರು ಗುರುತಿಸ್ತಿದ್ದದ್ದು ಹ್ಯಾಮ್ ರೇಡಿಯೊದಿಂದ. ಲೈಸೆನ್ಸ್ ತಗೊಂಡು, ಮನೆಯಲ್ಲೇ ತಂತಿ ಕಟ್ಟಿ, ಗೊತ್ತಿಲ್ಲದ ದೇಶದ ಗೊತ್ತಿಲ್ಲದ ಮನುಷ್ಯರ ಜೊತೆ ಕಟ್ಟ-ಕಡ ಅಂತ ಮೋರ್ಸ್ ಸಂಕೇತ ಕುಟ್ಟುತ್ತಾ ಕೂರೋ ಜಾತಿ. ಒಂದು ಕಾಲಕ್ಕೆ ಊರ ಕ್ಲಬ್ಬಿನಲ್ಲಿ ಕೂರಕ್ಕೆ ಕುರ್ಚಿ ಸಾಲ್ತಿರಲಿಲ್ಲ. ಇವತ್ತು ಒಂದು ಮೇಜಿಗೆ ಹಿಡಿಸಿಬಿಟ್ಟಿದ್ದರು.

“ಲೈಸೆನ್ಸ್ ಪರೀಕ್ಷೆಗೆ ಮೂವತ್ತೈದು ಪ್ರಶ್ನೆ ಕಣೇ,” ಅಂದ ಆರ್ವೊ. ಕ್ಲಬ್ಬಿನ ಅಧ್ಯಕ್ಷ, ಎಂಬತ್ತು ದಾಟಿದೆ, ಎರಡೂ ಕಿವಿಗೆ ಯಂತ್ರ. “ಪ್ರಶ್ನೆನೂ ಅದರಲ್ಲೇ ಇದೆ, ಉತ್ತರಾನೂ ಅದರಲ್ಲೇ ಇದೆ. ಬಾಯಿಪಾಠ ಹೊಡೆದು ಗುರುತು ಹಾಕಿದ್ರೆ ಮುಗೀತು. ಮೋರ್ಸ್ ಗೀರ್ಸ್ ಏನೂ ಇಲ್ಲ ಈಗ.”

“ನಾನೇ ಪಾಸಾಗಿದ್ದೀನಿ ಅಂದ್ಮೇಲೆ ನಿನಗೇನು?” ಅಂದ ಪಕ್ಕದಲ್ಲಿದ್ದ ಲೆರಾಯ್. ಊರಿಗೆಲ್ಲ ಅಂಚೆ ಹಂಚಿ ನಿವೃತ್ತನಾದವನು. “ಶನಿವಾರ ಓದಿದೆ, ಭಾನುವಾರ ಬರೆದೆ, ಸೋಮವಾರ ಮರೆತೆ.”

“ಅದಕ್ಕೇ ಅಪ್ಪ ನಿಮ್ಮ ಹತ್ರ ಮಾತಾಡ್ಲಿಲ್ಲ,” ಅಂದಳು ಐಲಿ.

“ಹದಿನಾಲ್ಕು ವರ್ಷ!” ಲೆರಾಯ್ ಕಪ್ಪು ಎತ್ತಿ, ಯಾರದೋ ಆರೋಗ್ಯಕ್ಕೆ ಅನ್ನೋ ಹಾಗೆ ತೋರಿಸಿದ. “ದಿನಾ ಬೆಳಿಗ್ಗೆ ರೇಡಿಯೊದಲ್ಲಿ ‘ಗುಡ್ ಮಾರ್ನಿಂಗ್, ರೇನೋ’ ಅಂತಿದ್ದೆ. ಕೇಳ್ತಾ ಇರ್ತಾನೆ ಅಂತ ಗೊತ್ತು. ಗಂಟಲು ಕೂಡ ಸರಿಮಾಡ್ಕೊಳ್ಳಲಿಲ್ಲ ಮಹಾರಾಯ. ಅಂಗಡೀಲಿ ಎದುರು ಸಿಕ್ಕಿದ್ರೆ ಹವಾಮಾನ ಮಾತಾಡ್ತಿದ್ದ, ಮೀನಿನ ಬಗ್ಗೆ ಮಾತಾಡ್ತಿದ್ದ. ರೇಡಿಯೊದಲ್ಲಿ ನಾನು ಅವನ ಪಾಲಿಗೆ ಹುಟ್ಟೇ ಇರಲಿಲ್ಲ.”

ಅದೂ ನಿಜವೇ. ಲೈಸೆನ್ಸ್ ಪರೀಕ್ಷೆಯಿಂದ ಸರ್ಕಾರ ಮೋರ್ಸ್ ಕಿತ್ತುಹಾಕಿದ ದಿನ ರೇನೋ ಕ್ಲಬ್ಬಿಗೆ ಬಂದು, ತನ್ನ ಕುರ್ಚಿಯನ್ನ ತಾನೇ ಮಡಚಿ ಗೋಡೆಗೆ ಒರಗಿಸಿ, “ಇನ್ಮೇಲೆ ಬಾಯಿ ಇರೋರೆಲ್ಲ ಬರ್ತಾರೆ” ಅಂತ ಹೇಳಿ ಹೋದವನು ಮತ್ತೆ ಆ ಬಾಗಿಲು ಹೊಗಲಿಲ್ಲ. ಬೇಲಿ ಕಿತ್ತರೆ ಹೊಲಕ್ಕೆ ದನ ನುಗ್ಗುತ್ತೆ ಅಂತ ಅವನ ಭಯ. ಬೇಲಿ ಕಿತ್ತರು. ಒಂದು ಕರು ಕೂಡ ಈ ಕಡೆ ತಲೆ ಹಾಕಲಿಲ್ಲ. ಹುಡುಗರ ಕೈಯಲ್ಲಿ ಫೋನಿತ್ತು.

“ವಿಷಯಕ್ಕೆ ಬಾ ಮಾಮ,” ಅಂದಳು ಐಲಿ. ಚಿಕ್ಕಂದಿನಿಂದ ಆರ್ವೊನನ್ನ ಹಾಗೇ ಕರೆದು ಅಭ್ಯಾಸ. “ನನ್ನಿಂದ ಏನಾಗಬೇಕು?”

ಆಗಬೇಕಾದ್ದು ಇಷ್ಟು. ಸ್ಮಶಾನದ ಮೂಲೆಯಲ್ಲಿ ಒಂದು ಕಂಬ, ಕಂಬದ ಬುಡಕ್ಕೆ ತಗಡಿನ ಗೂಡು, ಗೂಡಿನೊಳಗೆ ರಿಪೀಟರ್. ಕೈರೇಡಿಯೊಗಳ ಬಡಕಲು ದನಿಯನ್ನ ಹಿಡಿದು ಗುಡ್ಡದ ಮೇಲಿಂದ ಜೋರಾಗಿ ಬೀಸೋ ಯಂತ್ರ. ಅದು ಇಲ್ಲದಿದ್ದರೆ ಈ ಕಣಿವೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಲ್ಲ. ಇಗರ್ಜಿಯವರು ಆ ಮೂಲೆ ಕೊಟ್ಟಿದ್ದು ರೇನೋನ ಕುಟುಂಬಕ್ಕೆ, ಯಂತ್ರ ಕಟ್ಟಿದ್ದು ರೇನೋ, ಓಡ್ತಿದ್ದದ್ದು ರೇನೋನ ಲೈಸೆನ್ಸಿನ ಮೇಲೆ. ಲೈಸೆನ್ಸಿನವನು ಸತ್ತರೆ ಯಂತ್ರ ಬಾಯಿ ಮುಚ್ಚಬೇಕು, ಅದು ಕಾನೂನು. ಎರಡು ತಿಂಗಳಿಂದ ಸತ್ತವನ ಹೆಸರಲ್ಲೇ ಕೂಗ್ತಾ ಇತ್ತು. ಯಾರೂ ತುಟಿ ಬಿಚ್ಚಿರಲಿಲ್ಲ.

“ನಿಮ್ಮಲ್ಲೇ ಯಾರಾದ್ರೂ ನಿಮ್ಮ ಹೆಸರಿಗೆ ಮಾಡ್ಕೊಳ್ಳಿ.”

“ಯಾರು? ನಾನಾ? ಮುಂದಿನ ಮೇ ತಿಂಗಳಿಗೆ ಇದೇ ಕಾಫಿ, ಇದೇ ಬ್ರೆಡ್ಡು, ಪೆಟ್ಟಿಗೆಯಲ್ಲಿ ನಾನು. ಲೆರಾಯ್ ಹೃದಯದಲ್ಲಿ ಸ್ಪ್ರಿಂಗ್ ಹಾಕಿದ್ದಾರೆ. ನೀನಾದ್ರೆ ಐವತ್ತಾರರ ಹುಡುಗಿ. ಯಂತ್ರ ನಿಂದು, ಗೂಡಿನ ಬೀಗದ ಕೈ ನಿನ್ನ ಹತ್ರ. ಮಗಳಾದ್ರಿಂದ ನಿಮ್ಮಪ್ಪನ ಕಾಲ್ ಸೈನ್ ನಿನಗೇ ಸಿಗುತ್ತೆ. ಆ ರೇಡಿಯೊ ಹೆಸರು ಗಾಳೀಲಿ ಉಳಿಯುತ್ತೆ ಕಣೇ. ಪರೀಕ್ಷೆಗೆ ಹೆದರ್ಬೇಡ. ಈ ಸಲ ಪಾಸಾಗೇ ಆಗ್ತೀಯ.”

ಐಲಿ ಕಾಫಿ ಕಪ್ಪು ಕೆಳಗಿಟ್ಟಳು.

“ಹೋದ ಸಲ ಏನಾಗಿದ್ದೆ ಮಾಮ?”

ಆರ್ವೊ ಕಿವಿಯ ಯಂತ್ರ ಮುಟ್ಟಿ ನೋಡಿಕೊಂಡ. ಕೇಳಿಸಿತ್ತು. ಕೇಳಿಸಲಿಲ್ಲ ಅನ್ನೋ ನಾಟಕ ಅಷ್ಟೇ.

*

ಐಲಿಗೆ ಮೋರ್ಸ್ ಯಾರೂ ಕಲಿಸಲಿಲ್ಲ. ಮಂಚದ ತಲೆಯ ಹತ್ತಿರ, ಒಲೆಯ ಬಿಸಿಗಾಳಿ ಬರೋ ಜಾಲರಿ ಇತ್ತು. ಆ ಕೊಳವೆಯ ಇನ್ನೊಂದು ತುದಿ ನೆಲಮಾಳಿಗೆಯಲ್ಲಿ, ಅಪ್ಪನ ಮೇಜಿನ ಹತ್ತಿರ. ಬಿಸಿಯ ಜೊತೆ ಕಟ್ಟ-ಕಡಾನೂ ಬರ್ತಿತ್ತು. ಜೋಗುಳದ ಹಾಗೆ ಕೇಳ್ತಾ ಕೇಳ್ತಾ ಅದು ಅಕ್ಷರ ಆಯಿತು, ಅಕ್ಷರ ಮಾತಾಯಿತು. ಆಗ ಗೊತ್ತಾಯಿತು ಅವಳಿಗೆ, ಮನೇಲಿ “ಉಪ್ಪು ಕೊಡು” ಬಿಟ್ಟರೆ ತುಟಿ ಬಿಚ್ಚದ ಅಪ್ಪ ಕೆಳಗೆ ಕೂತು ಎಷ್ಟು ಮಾತಾಡ್ತಾನೆ ಅಂತ. ಬ್ರೆಜಿಲ್ಲಿನ ಯಾವನೋ ದರ್ಜಿಗೆ, ನಿನ್ನ ಮಗಳ ಜ್ವರ ಇಳೀತಾ ಅಂತ ಕೇಳ್ತಿದ್ದ. ಮೇಲೆ ಐಲಿಗೂ ಜ್ವರ ಬಂದಿತ್ತು ಆ ವಾರ.

ಅಪ್ಪನ ಜೊತೆ ಮಾತಾಡಬೇಕಾದರೆ ಲೈಸೆನ್ಸ್ ಬೇಕು ಅಂತ ಹುಡುಗಿ ತೀರ್ಮಾನ ಮಾಡಿಬಿಟ್ಟಳು. ಹದಿನೇಳನೇ ವಯಸ್ಸಿಗೆ ಕ್ಲಬ್ಬಿನಲ್ಲಿ ಪರೀಕ್ಷೆಗೆ ಕೂತಳು. ಮೂವರು ಪರೀಕ್ಷಕರು, ಅದರಲ್ಲಿ ಆರ್ವೊ ಒಬ್ಬ. ತಂದೆಯಾದವನು ಪರೀಕ್ಷೆ ಮಾಡಕೂಡದು ಅನ್ನೋ ನಿಯಮಕ್ಕೆ ರೇನೋ ಹೊರಗೆ ಟ್ರಕ್ಕಿನಲ್ಲಿ ಕೂತಿದ್ದ. ಐದು ನಿಮಿಷ ಮೋರ್ಸ್ ಕೇಳಿಸ್ತಾರೆ, ಅದರಲ್ಲಿ ಒಂದು ನಿಮಿಷದ್ದು ತಪ್ಪಿಲ್ಲದೆ ಬರೆದುಕೊಂಡರೆ ಪಾಸು. ಐಲಿ ಮೂರು ನಿಮಿಷದ್ದು ಬರೆದಿದ್ದಳು. ಆರ್ವೊ ಅವಳ ಕೈ ಕುಲುಕಿದ.

ರೇನೋ ಟ್ರಕ್ಕಿಂದ ಇಳಿದು ಬಂದು ಹಾಳೆ ಕೇಳಿದ, ನೋಡಿದ.

“ಮೂರೇನಾ?”

“ಒಂದು ಸಾಕು ಕಣೋ,” ಅಂದ ಆರ್ವೊ. “ನಿನ್ನ ಮಗಳು ಪಾಸು ಹೊಡೆದುಬಿಟ್ಟಳು!”

“ನನ್ನ ಮಗಳು ಅಂತ ತಾನೇ ಕೊಟ್ಟಿದ್ದು? ಇನ್ನೆರಡು ನಿಮಿಷ ಎಲ್ಲಿ ಹೋಯ್ತು? ಹಡಗು ಮುಳುಗ್ತಾ ಇದ್ದಾಗ ಮೂರು ನಿಮಿಷದ ಮಾತು ಬರ್ಕೊಂಡು ಉಳಿದಿದ್ದಕ್ಕೆ ಕ್ಷಮಿಸಿ ಅಂತೀಯಾ?” ಹಾಳೆಯನ್ನ ಎರಡಾಗಿ, ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡ. ಆರ್ವೊ ಕೈ ಚಾಚಿದ, ಆಮೇಲೆ ಕೈ ಹಿಂದಕ್ಕೆ ತಗೊಂಡ. ಕ್ಲಬ್ಬಿನ ಅರ್ಧ ಸಾಮಾನು ರೇನೋ ಕೊಟ್ಟಿದ್ದು. ಅವನನ್ನ ಎದುರು ಹಾಕಿಕೊಳ್ಳೋರು ಯಾರು?

ಅವತ್ತು ಸಂಜೆ ಐಲಿ ಹೋಗಿ ಮಂಚದ ಮೇಲೆ ಬಿದ್ದುಕೊಂಡಳು. ಜಾಲರಿಯಿಂದ ಬಂತು, ನಿಧಾನಕ್ಕೆ, ಸ್ಪಷ್ಟವಾಗಿ, ಬ್ರೆಜಿಲ್ಲಿನ ದರ್ಜಿಗೆ: ಮಗಳು ಪರೀಕ್ಷೆಗೆ ಕೂತಿದ್ದಳು, ಫೇಲಾದಳು.

ಅದರ ಒಂದು ಅಕ್ಷರ ಕೂಡ ಅವಳಿಗೆ ತಪ್ಪಿ ಹೋಗಲಿಲ್ಲ. ಎದ್ದು ಜಾಲರಿಗೆ ಒಂದು ಸ್ವೆಟರ್ ತುರುಕಿದಳು. ಆ ಚಳಿಗಾಲ ಪೂರ್ತಿ ಚಳಿಯಲ್ಲೇ ಮಲಗಿದಳು.

*

ಪಂಪು ನಿಂತಿತು ಅಂತ ಪಾದ್ರಿ ಬಂದು ಹೇಳಿದ. ಎಲ್ಲರೂ ಕೋಟು ಹಾಕಿಕೊಂಡು ಗುಡ್ಡ ಹತ್ತಿದರು. ಸುಪೀರಿಯರ್ ಸರೋವರದ ಕಡೆಯಿಂದ ಗಾಳಿ ಬೀಸ್ತಿತ್ತು, ಬೇಲಿಯ ನೆರಳಲ್ಲಿ ಇನ್ನೂ ಕೊಳಕು ಹಿಮ ಬಿದ್ದಿತ್ತು. ದಾರಿಯಲ್ಲಿ ಆರ್ವೊ ಏದುಸಿರು ಬಿಡ್ತಾ ಐಲಿಯ ತೋಳು ಹಿಡಿದ.

“ನಾನು ಅವತ್ತೇ ಬಾಯಿ ಬಿಡಬೇಕಿತ್ತು.”

“ಬಿಡಬೇಕಿತ್ತು.”

“ಊರೆಲ್ಲ ಇವತ್ತಿಗೂ ನೀನು ಫೇಲಾದೆ ಅಂತಲೇ...”

“ಗೊತ್ತು ಮಾಮ. ನನಗೂ ಹಾಗೇ ಹೇಳ್ತಾರೆ.”

“ಅದಕ್ಕೇ ಹೇಳ್ತೀನಿ, ಈಗ ತಗೋ. ಅವನ ಹೆಸರನ್ನ ಅವನ ಕೈಯಿಂದಾನೇ ಕಿತ್ತುಕೊಂಡ ಹಾಗಾಗುತ್ತೆ.”

“ಪುಸ್ತಕ ಬಾಯಿಪಾಠ ಮಾಡಿನಾ? ಆಗ ನಾನು ಫೇಲಾದೆ ಅಂತ ಅವನಂದಿದ್ದೇ ನಿಜ ಆಗಲ್ವಾ?”

ಆರ್ವೊ ಅವಳ ಮುಖ ನೋಡಿದ. ಗದ್ದ ಮುಂದಕ್ಕೆ ಚಾಚಿಕೊಂಡಿತ್ತು. ಹರಿದ ಹಾಳೆ ಜೇಬಿಗೆ ಹಾಕಿಕೊಳ್ಳುವಾಗ ಇನ್ನೊಬ್ಬನ ಗದ್ದ ಹೀಗೇ ಇದ್ದದ್ದು ಅವನಿಗೆ ಗೊತ್ತಿತ್ತು. ತೋಳು ಬಿಟ್ಟುಬಿಟ್ಟ.

ಪಾದ್ರಿ ಓದಿದ್ದು ಆಯಿತು, ಪೆಟ್ಟಿಗೆ ಇಳಿಸಿದ್ದು ಆಯಿತು, ಹಿಡಿ ಮಣ್ಣು ಹಾಕಿದ್ದಾಯಿತು. ಮಣ್ಣಲ್ಲ, ಕೆಸರು. ಇನ್ನುಳಿದದ್ದು ಕೊನೇ ಕರೆ. ಹ್ಯಾಮ್‌ಗಳಲ್ಲಿ ಒಬ್ಬ ಹೋದರೆ ರೇಡಿಯೊದಲ್ಲಿ ಅವನನ್ನ ಮೂರು ಸಲ ಕರೀತಾರೆ. ಮೂರು ಸಲವೂ ಕಾಯ್ತಾರೆ. ಉತ್ತರ ಬರದಿದ್ದರೆ ಇನ್ನು ಇವನಿಲ್ಲ ಅಂತ ಲೆಕ್ಕ. ಯಾರು ಕರೀಬೇಕು? ಅಧ್ಯಕ್ಷ ಅಂತ ಎಲ್ಲರೂ ಆರ್ವೊನ ನೋಡಿದರು. ಆರ್ವೊ ನನ್ನಿಂದಾಗಲ್ಲ ಅಂತ ಕೈಯಾಡಿಸಿದ.

“ನಾನೇ ಕರೀತೀನಿ ಬಿಡಿ,” ಅಂದ ಲೆರಾಯ್. “ಅವನು ಉತ್ತರ ಕೊಡದೇ ಇರೋದು ನನಗೆ ಅಭ್ಯಾಸ.”

ಯಾರೋ ಕಿಸಕ್ಕಂದರು. ಪಾದ್ರಿ ನೆಲ ನೋಡಿದ.

ಲೆರಾಯ್ ಕೋಟಿನ ಜೇಬಿಂದ ಕೈರೇಡಿಯೊ ತೆಗೆದು ಬಟನ್ ಒತ್ತಿ ರೇನೋನ ಕಾಲ್ ಸೈನ್ ಕರೆದ. ಕಾದ. ಗಾಳಿ. ಎರಡನೇ ಸಲ ಕರೆದ. ಮೂರನೇ ಸಲ ಅವನ ದನಿ ಒಡೀತು. ನಗೆಚಾಟಿಕೆಯವನ ದನಿ ಒಡೆಯುತ್ತೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಎಲ್ಲರೂ ಟೊಪ್ಪಿ ತೆಗೆದರು.

ಆಗ ಅವನ ರೇಡಿಯೊ ಪೀಪ್ ಪೀಪ್ ಅನ್ನೋಕೆ ಶುರುಮಾಡಿತು. ಕಟ್ಟ, ಕಡ, ಕಡ, ಕಟ್ಟ. ರಿಪೀಟರು ಆಗಾಗ ಮೋರ್ಸಿನಲ್ಲಿ ತನ್ನ ಒಡೆಯನ ಹೆಸರು ಕೂಗಬೇಕು, ಅದೂ ಕಾನೂನು. ಯಂತ್ರಕ್ಕೆ ಹುಟ್ಟು ಸಾವು ಗೊತ್ತಾ? ಗೂಡಿನೊಳಗಿಂದ ಅದು ರೇನೋನ ಹೆಸರು ಪೂರ್ತಿ ಕೂಗಿ ಸುಮ್ಮನಾಯಿತು.

“ಏನಂತು?” ಅಂದ ಆರ್ವೊ. ಅಷ್ಟು ಸಣ್ಣ ಸ್ವರ ಅವನ ಕಿವಿಗೆ ಬಿದ್ದು ಯಾವ ಕಾಲ ಆಯಿತೋ. ಮಿಕ್ಕವರಿಗೆ ಮೋರ್ಸ್ ಬರಲ್ಲ.

“ಅಪ್ಪನ ಕಾಲ್ ಸೈನ್,” ಅಂದಳು ಐಲಿ.

ಲೆರಾಯ್ ಮೂಗು ಒರೆಸಿಕೊಂಡ. “ದಿನಾ ಬೆಳಿಗ್ಗೆ ನಾನು ಗುಡ್ ಮಾರ್ನಿಂಗ್ ಅಂದ್ಮೇಲೆ ಇದು ಬರ್ತಿತ್ತು. ಯಂತ್ರ ಅಂತ ಗೊತ್ತಮ್ಮ. ಅಷ್ಟು ದಡ್ಡ ಅಲ್ಲ ನಾನು. ಆದ್ರೂ ಅದನ್ನೇ ಉತ್ತರ ಅಂತ ಇಟ್ಕೊಂಡಿದ್ದೆ. ಹೆಂಡತಿ ಹೋದ್ಮೇಲೆ ಬೆಳಿಗ್ಗೆ ಎದ್ದು ಮಾತಾಡಿಸೋಕೆ ಇನ್ಯಾರಿದ್ರು ಹೇಳು. ತಗೋಮ್ಮ ಲೈಸೆನ್ಸು. ನೀನು ಮಾತಾಡದಿದ್ರೂ ಪರವಾಗಿಲ್ಲ. ಇದು ಕೂಗ್ತಾ ಇರ್ಲಿ.”

ಐಲಿ ಅವನನ್ನ ಒಂದು ಗಳಿಗೆ ನೋಡಿದಳು. ಆಮೇಲೆ ಬೀಗದ ಕೈ ತೆಗೆದು ಗೂಡಿನ ಕಡೆ ನಡೆದಳು.

“ಐಲಿ, ಬೇಡ,” ಅಂದ ಆರ್ವೊ. “ಇವತ್ತು ಬೇಡ ಕಣೇ.”

“ಲೈಸೆನ್ಸ್ ಇಲ್ಲದವರು ಗಾಳಿಗೆ ಬರಕೂಡದು,” ತಿರುಗದೇ ಹೇಳಿದಳು ಐಲಿ. “ಅಪ್ಪಂದೇ ಅಲ್ವಾ ಮಾಮ ಈ ಮಾತು?”

ಒಳಗೆ ಬೆಚ್ಚಗಿತ್ತು. ಸಣ್ಣ ಫ್ಯಾನು ಗುಯ್ ಅಂತಿತ್ತು, ಹಸಿರು ದೀಪ ಉರೀತಿತ್ತು. ಎಲ್ಲ ತಂತಿಗೂ ಅಪ್ಪನ ದುಂಡು ಅಕ್ಷರದ ಚೀಟಿ. ಐಲಿ ಸ್ವಿಚ್ ಕೆಳಕ್ಕೆ ಒತ್ತಿದಳು. ದೀಪ ಹೋಯಿತು. ಫ್ಯಾನು ನಾಲ್ಕು ಸುತ್ತು ಸುಮ್ಮನೆ ತಿರುಗಿ ನಿಂತಿತು.

ಬಾಗಿಲಿಗೆ ಬೀಗ ಹಾಕಿ ತಿರುಗಿದಾಗ ಜನ ಆಗಲೇ ಇಳೀತಿದ್ದರು, ಆರ್ವೊ ಪಾದ್ರಿಯ ತೋಳು ಹಿಡಿದುಕೊಂಡು. ಗುಂಡಿಯ ಅಂಚಿನಲ್ಲಿ ಲೆರಾಯ್ ಒಬ್ಬನೇ ಉಳಿದಿದ್ದ. ರೇಡಿಯೊ ಬಾಯಿಗೆ ಹಿಡಿದು ಬಟನ್ ಒತ್ತಿದ.

“ಗುಡ್ ಮಾರ್ನಿಂಗ್, ರೇನೋ.”

ಬೆರಳು ಎತ್ತಿದ. ರೇಡಿಯೊ ಕಿವಿಗೆ ತಂದ. ಎಣ್ಣೆ ಮುಗಿದ ಸೀಸೆ ಅಲ್ಲಾಡಿಸೋ ಹಾಗೆ ಅದನ್ನ ಅಲ್ಲಾಡಿಸಿ, ಮತ್ತೆ ಕಿವಿಗಿಟ್ಟುಕೊಂಡು, ತಲೆ ಸ್ವಲ್ಪ ಓರೆ ಮಾಡಿ, ಕೆಸರಲ್ಲಿ ಹಾಗೇ ಕಾಯುತ್ತಾ ನಿಂತ.