ಎರಡನೇ ಸಲದ ಕಸ

ಮೊರ ಮೂಟೆಯ ಬಾಯಿ ಬಿಚ್ಚಿ ಕಾಲುದಾರಿಯ ಮೇಲೆ ಕಸ ಸುರಿಯುತ್ತಿದ್ದಳು. ತಿರುವಿನಲ್ಲಿ ನಿಂತ ಪೊರಕೆಗೆ ಮೊದಲು ಅದು ತಲೆಗೇ ಹೋಗಲಿಲ್ಲ. ಮೂಟೆ ಹರಿದಿರಬೇಕು, ಪಾಪ, ಎಂದುಕೊಂಡಳು. ಅಷ್ಟರಲ್ಲಿ ಮೊರ ಒಂದು ಚಿಪ್ಸ್ ಪೊಟ್ಟಣವನ್ನು ಕಾಲಿನಿಂದ ಬಂಡೆಯ ಪಕ್ಕಕ್ಕೆ ಸರಿಸಿ, ಚೆನ್ನಾಗಿ ಕಾಣುತ್ತದೆಯೇ ಎಂದು ತಲೆ ವಾರೆ ಮಾಡಿ ನೋಡಿದಳು.

ಕಾಲೇಜಿನ ಹುಡುಗರು ಇಟ್ಟ ಅಡ್ಡಹೆಸರುಗಳವು. ಬೆಟ್ಟದ ದಾರಿಯ ಕಸ ತೆಗೆಯೋಣ ಎಂದು ಮೊದಲು ಹೊರಟವರು ಈ ಇಬ್ಬರು ಗೆಳತಿಯರೇ. ಒಬ್ಬಳು ಪೊರಕೆ, ಒಬ್ಬಳು ಮೊರ, ಒಂದಿಲ್ಲದೆ ಇನ್ನೊಂದಕ್ಕೆ ಕೆಲಸವಿಲ್ಲ ಎಂದು ಆಡಿಕೊಂಡರು. ಆಡಿಕೊಂಡವರೇ ಆಮೇಲೆ ಕೈಗವಸು ಹಾಕಿಕೊಂಡು ಬಂದರು ಅನ್ನಿ. ಕಳೆದ ವಾರವಷ್ಟೇ ತುದಿಯವರೆಗೂ ಹೆಕ್ಕಿ, ಮೂಟೆ ಕಟ್ಟಿ, ಕಸದ ಲಾರಿ ಬರಲೆಂದು ಬೆಟ್ಟದ ಬುಡದ ಶೆಡ್ಡಿನಲ್ಲಿ ಇಟ್ಟಿದ್ದರು. ಇವತ್ತು ಪತ್ರಿಕೆಯವರು ಬರುತ್ತಾರೆ, ಎಲ್ಲರೂ ಬನ್ನಿ ಎಂದು ಮೇಷ್ಟ್ರು ಹೇಳಿದ್ದರು. ಚೊಕ್ಕವಾದ ದಾರಿಯನ್ನು ಒಮ್ಮೆ ಕಣ್ತುಂಬ ನೋಡೋಣವೆಂದು ಪೊರಕೆ ತಾನೇ ಮೊದಲು ಎಂದುಕೊಂಡು ಹತ್ತಿದ್ದಳು.

"ಏನೇ ಇದು?"

ಮೊರ ಬೆಚ್ಚಿದಳು. ಮೂಟೆ ಮಾತ್ರ ಬಿಡಲಿಲ್ಲ. "ಮೇಷ್ಟ್ರೇ ಹೇಳಿದ್ದು ಕಣೇ. ಬರೀ ದಾರಿ ಫೋಟೋ ತೆಗೆದ್ರೆ ಏನ್ ಕಾಣುತ್ತೆ? ನಿನಗೆ ಹೇಳ್ಬೇಡ ಅಂದ್ರು, ರಂಪ ಮಾಡ್ತೀಯ ಅಂತ."

"ಅವ್ರು ಅಂದ್ರು, ಸರಿ. ನೀನು?"

ಶೆಡ್ಡಿನಿಂದ ಹೊತ್ತು ತಂದ ಮೂಟೆಯಲ್ಲಿ ಉಳಿದದ್ದನ್ನೂ ಮೊರ ಕೊಡವಿದಳು. ಮತ್ತೆ ಎತ್ತುವವರು ನಾವೇ ತಾನೇ, ಅದಕ್ಕೇನೀಗ ಎಂದು ಗೊಣಗಿದಳು.

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಮೇಷ್ಟ್ರ ಮಾತು ಹಾಳಾಗಲಿ, ಪತ್ರಿಕೆಯಲ್ಲಿ ಮುಖ ಬಂದರೆ ಅವರಿಗೆ ಸಾಕು. ಆದರೆ ಇವಳು ಮೊರ. ಪೊರಕೆಯ ಅಂಗೈಗೆ ಗಾಜು ಚುಚ್ಚಿದಾಗ ತನ್ನ ಕರವಸ್ತ್ರ ಹರಿದು ಕಟ್ಟಿದವಳು.

ಎಲ್ಲರೂ ಬಂದರು. ಫೋಟೋದವನು ಬಗ್ಗಿಸಿದ, ಏಳಿಸಿದ, ನಗಿಸಿದ. ಮೊರ ಮುಂದಿನ ಸಾಲಿನಲ್ಲಿ ಬಾಟಲಿ ಹಿಡಿದು ಕೂತಳು. ಪಕ್ಕದಲ್ಲಿ ಜಾಗ ಬಿಟ್ಟಿದ್ದಳು, ಪೊರಕೆ ಹೋಗಲಿಲ್ಲ. ಸಾಕು ಮಕ್ಕಳೇ ಎಂದು ಮೇಷ್ಟ್ರು ಚಪ್ಪಾಳೆ ತಟ್ಟಿದ್ದೇ ತಡ, ತಿಂಡಿಯ ಆಸೆಗೆ ಎಲ್ಲರೂ ಇಳಿಜಾರಿನಲ್ಲಿ ಓಡಿದರು. ಕಸ ಬಿದ್ದಲ್ಲೇ ಬಿದ್ದಿತ್ತು.

ಪೊರಕೆ ಖಾಲಿ ಮೂಟೆಯೊಂದನ್ನು ಕೊಡವಿ ಹೆಕ್ಕತೊಡಗಿದಳು.

"ಬಾರೇ, ಬಸ್ ಹೊರಡುತ್ತೆ," ಕೆಳಗಿನ ತಿರುವಿನಿಂದ ಮೊರ ಕೂಗಿದಳು. "ನಾಳೆ ಇಬ್ರೂ ಬಂದು ತೆಗೆಯೋಣ."

ಪೊರಕೆ ತಲೆಯೆತ್ತಲಿಲ್ಲ. ಆಮೇಲೆ ಕಲ್ಲುಗಳ ಮೇಲೆ ಹೆಜ್ಜೆಗಳು ಇಳಿದು ಹೋಗುವುದು ಕೇಳಿಸಿತು.

ಹಿಡಿಯುವವರಿಲ್ಲದೆ ಮೂಟೆಯ ಬಾಯಿ ಮತ್ತೆ ಮತ್ತೆ ಮಡಚಿಕೊಳ್ಳುತ್ತಿತ್ತು. ಅದರ ಅಂಚನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಅವಳು ಒಂದೊಂದನ್ನೇ ಒಳಗೆ ಹಾಕುತ್ತಾ ಹೋದಳು.